ಲಕೋಟೆ ಹೊರಡುವ ಮುಂಚೆ: ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕುವ ಕನ್ನಡಿಗರಿಗೆ

ನನ್ನ ಗೆಳತಿಯೊಬ್ಬಳಿಗೆ ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ಹಾಸನದ ಕಡೆಯ ಹಳ್ಳಿಯಿಂದ ಸೋದರಮಾವನ ಫೋನ್ ಬಂತು. "ಏನಮ್ಮಾ, ಯಾವ್ದೋ ಅಮೆರಿಕಾದ ಕೋರ್ಟಿಂದ ನಂಗೆ ಕಾಗ್ದ ಬಂದೈತೆ. ನಿನ್ನ ಹೆಸ್ರೂ ಐತೆ. ನಾನೇನವ್ವಾ ತಪ್ಪು ಮಾಡಿದೀನಿ?"

ಕೆಲಸ ಹೋದ ವರ್ಷ ಅವಳು ಮಾವನ ಹತ್ತಿರ ಕೈಗಡ ತಂದಿದ್ದಳು. ಆಮೇಲೆ ಕ್ರೆಡಿಟ್ ಕಾರ್ಡು, ಆಸ್ಪತ್ರೆ ಬಿಲ್ಲು ಎಲ್ಲ ಸೇರಿ ತಲೆಮೇಲೆ ಬಂದಾಗ ಬ್ಯಾಂಕ್ರಪ್ಸಿ, ಅಂದರೆ ದಿವಾಳಿ ಅರ್ಜಿ, ಹಾಕಿದಳು. ಅರ್ಜಿಯಲ್ಲಿ ಮಾವನ ಸಾಲವನ್ನೂ ಕಾಣಿಸಿದ್ದಳು, ಅದು ಸರಿಯೇ. ಆದರೆ ಮಾವನಿಗೆ ಒಂದು ಮಾತು ಮೊದಲೇ ತಿಳಿಸಿರಲಿಲ್ಲ, ಆ ಕೆಲಸವನ್ನು ಅಂಚೆಯವನು ಮಾಡಿದ. ಇಂಗ್ಲಿಷ್ ಕಾಗದ ಓದಿಸಲು ಮಾವ ಪಕ್ಕದ ಮನೆ ಮೇಷ್ಟ್ರ ಹತ್ತಿರ ಹೋದರು. ಮೇಷ್ಟ್ರು ಓದಿ ಹೇಳಿದ್ದಲ್ಲದೆ, ಬೇರೆಯವರಿಗೂ ಅರ್ಥ ಗೊತ್ತಿರಬಹುದೆಂದು ಫೋಟೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಸಿದರು. ಆ ಹಾಳೆಯಲ್ಲಿ ಅವಳ ಒಂಬತ್ತು ಅಂಕಿಯ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಮೆರಿಕದಲ್ಲಿ ಸಾಲಕ್ಕೂ ತೆರಿಗೆಗೂ ಬಳಸುವ ಗುರುತಿನ ಸಂಖ್ಯೆ, ಪೂರ್ತಿ ಅಚ್ಚಾಗಿತ್ತು.

ನಾನು ವಕೀಲೆಯಲ್ಲ, ನ್ಯೂಜೆರ್ಸಿಯಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವವಳು. ಸಾಲದ ಸುಳಿಗೆ ಸಿಕ್ಕ ನಮ್ಮವರು ನನ್ನ ಮೇಜಿನ ಮುಂದೆ ಕೂತು ಮೊದಲು ಕೇಳುವುದು "ಸಾಲ ಮನ್ನಾ ಆಗುತ್ತಾ?" ಅಂತ ಅಲ್ಲ. "ಯಾರಿಗೆಲ್ಲ ಗೊತ್ತಾಗುತ್ತೆ?" ಅಂತ. ಪಾಪರ್ ಆದ ಅನ್ನಿಸಿಕೊಳ್ಳುವ ಭಯ ಸಾಗರ ದಾಟಿ ಬಂದರೂ ಕಳೆಯುವುದಿಲ್ಲ. ಆ ಪ್ರಶ್ನೆಗೆ ಉತ್ತರವಾಗಿ ಇದನ್ನು ಬರೆದಿದ್ದೇನೆ. ನಿಮ್ಮ ಕೇಸಿಗೆ ಏನು ಸರಿ ಎನ್ನುವುದನ್ನು ನಿಮ್ಮ ರಾಜ್ಯದ ವಕೀಲರೇ ಹೇಳಬೇಕು.

1. ಯಾವುದು ಬಯಲು, ಯಾವುದು ಅಲ್ಲ

ಅಮೆರಿಕದಲ್ಲಿ ಸಾಮಾನ್ಯ ಜನ ಹಾಕುವುದು ಎರಡು ಬಗೆಯ ಅರ್ಜಿ. ಚಾಪ್ಟರ್ 7ರಲ್ಲಿ ಕಾನೂನು ರಕ್ಷಿಸುವಷ್ಟು ಆಸ್ತಿಯನ್ನು ನಿಮಗೆ ಬಿಟ್ಟು, ಮಿಕ್ಕಿದ್ದೇನಾದರೂ ಇದ್ದರೆ ಕೇಸು ನೋಡಿಕೊಳ್ಳಲು ನೇಮಕವಾದ ಟ್ರಸ್ಟಿ ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಹೆಚ್ಚಿನವರಿಗೆ ಸುಮಾರು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಚಾಪ್ಟರ್ 13ರಲ್ಲಿ ಮೂರರಿಂದ ಐದು ವರ್ಷ ತಿಂಗಳು ತಿಂಗಳು ಕಂತು ಕಟ್ಟುತ್ತೀರಿ. ಎರಡೂ ಫೆಡರಲ್ ಕೋರ್ಟಿನ ಕೇಸುಗಳು, ಎರಡರ ಕಡತವೂ ಸಾರ್ವಜನಿಕ.

ಸಾರ್ವಜನಿಕ ಎಂದರೆ ಪೇಸರ್ ಎಂಬ ಕೋರ್ಟುಗಳ ಆನ್‌ಲೈನ್ ವ್ಯವಸ್ಥೆಯಲ್ಲಿ ಖಾತೆ ತೆರೆದ ಯಾರು ಬೇಕಾದರೂ ನಿಮ್ಮ ಹೆಸರು ಹುಡುಕಬಹುದು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಬಿಲ್ಲೇ ಬರುವುದಿಲ್ಲ. ಅಂದರೆ ಕುತೂಹಲಕ್ಕೆ ಒಬ್ಬರ ಅರ್ಜಿ ನೋಡುವವನಿಗೆ ಅದು ಪುಕ್ಕಟೆ. ಕೋರ್ಟ್ ಕಚೇರಿಯ ಕಂಪ್ಯೂಟರಿನಲ್ಲಿ ಹೋಗಿ ಕೂತು ನೋಡುವುದಕ್ಕೂ ದುಡ್ಡಿಲ್ಲ.

ಹೆದರಿಕೆ ಸ್ವಲ್ಪ ಇಳಿಸುವ ಮಾತೂ ಇದೆ. ಪೇಸರ್ ಒಳಗಿನ ಹುಡುಕಾಟ ಗೂಗಲ್‌ಗೆ ಸಿಗುವಂಥದ್ದಲ್ಲ. ಕೋರ್ಟ್ ದಾಖಲೆ ಗೋರಿ ಹಾಕುವ ಖಾಸಗಿ ಜಾಲತಾಣಗಳಲ್ಲಿ ಕೆಲವರ ಕೇಸಿನ ಹೆಸರು, ನಂಬರು ಕಾಣಿಸಿಕೊಳ್ಳುವುದುಂಟು. ಆದರೆ ಕನ್ನಡ ಸಂಘಕ್ಕೆ, ದೇವಸ್ಥಾನಕ್ಕೆ, ಮಕ್ಕಳ ಶಾಲೆಗೆ ಕೋರ್ಟು ಡಂಗುರ ಸಾರುವುದಿಲ್ಲ. ಅವರಿಗೆ ನೀವು ಬಾಕಿ ಇದ್ದರೆ ಮಾತ್ರ ಕಾಗದ ಹೋಗುತ್ತದೆ. ನನ್ನ ಅನುಭವದಲ್ಲಿ ಸುದ್ದಿ ಹರಡುವುದು ಪೇಸರ್‌ನಿಂದ ಅಲ್ಲ, ಲಕೋಟೆಯಿಂದ.

ಕಡತಕ್ಕೆ ಸೀಲು ಹಾಕಿಸಬಹುದಾ ಎಂದು ಕೇಳುತ್ತಾರೆ. ಬ್ಯಾಂಕ್ರಪ್ಸಿ ಕಾನೂನಿನ 107ನೇ ಸೆಕ್ಷನ್ ಕಡತವನ್ನು ಬಯಲಾಗಿಯೇ ಇಡುತ್ತದೆ. ಗುರುತಿನ ಕಳವಿನ ಅಪಾಯ, ಜೀವಕ್ಕೆ ಅಪಾಯ ಇಂಥ ಕಾರಣಗಳಿದ್ದರೆ ನಿರ್ದಿಷ್ಟ ವಿವರವನ್ನು ಮರೆಮಾಡಲು ಕೋರ್ಟಿಗೆ ಅಧಿಕಾರವಿದೆ. ನಾಚಿಕೆಯಾಗುತ್ತದೆ ಎನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ.

2. ಲಕೋಟೆ ಪಟ್ಟಿ ಬರೆಯಿರಿ

ಇದೇ ಮುಖ್ಯ ಕೆಲಸ. ವಕೀಲರ ಬಳಿ ಹೋಗುವ ಮುಂಚೆ, ಒಂದು ಬಿಳಿ ಹಾಳೆ ತೆಗೆದುಕೊಂಡು ಕೋರ್ಟಿನ ನೋಟಿಸು ಯಾರ್ಯಾರ ಮನೆ ಬಾಗಿಲಿಗೆ ಹೋಗುತ್ತದೆ ಎಂದು ಬರೆಯಿರಿ. ಅರ್ಜಿಯ ಜೊತೆ ಹೆಸರು-ವಿಳಾಸಗಳ ಒಂದು ಪಟ್ಟಿ ಕೊಡಬೇಕಾಗುತ್ತದೆ, ಅದರಲ್ಲಿ ಇರುವವರಿಗೆಲ್ಲ ಕಾಗದ ಹೊರಡುತ್ತದೆ. ಬ್ಯಾಂಕು, ಕಾರ್ಡ್ ಕಂಪನಿ, ಆಸ್ಪತ್ರೆ, ಕಾರ್ ಸಾಲದವರು ಇರುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. ನಮ್ಮವರು ಮರೆಯುವುದು ಇವರನ್ನು:

ಮನೆ ಮಾಲೀಕರು. ಬಾಡಿಗೆ ಕರಾರು ಚಾಲ್ತಿಯಲ್ಲಿದ್ದರೆ ಶೆಡ್ಯೂಲ್ ಜಿ ಎನ್ನುವ ಪಟ್ಟಿಯಲ್ಲಿ ಅದನ್ನು ಕಾಣಿಸಬೇಕು. ಬಾಡಿಗೆ ಒಂದು ಸೆಂಟೂ ಬಾಕಿ ಇಲ್ಲದಿದ್ದರೂ ಅವರಿಗೆ ಕಾಗದ ಹೋಗುತ್ತದೆ.

ಜಾಮೀನು ಹಾಕಿದವರು, ಜೊತೆಗೆ ಸಹಿ ಮಾಡಿದವರು. ಇದು ಶೆಡ್ಯೂಲ್ ಎಚ್. ಎಂ.ಎಸ್. ಓದಲು ಊರಿನ ಬ್ಯಾಂಕಿನಿಂದ ಎಜುಕೇಷನ್ ಲೋನ್ ತೆಗೆದು ಬಂದವರಲ್ಲಿ ಬಹಳಷ್ಟು ಜನರಿಗೆ ಅಪ್ಪನೇ ಸಹ-ಸಾಲಗಾರ. ಆಗ ಒಂದು ಕಾಗದ ಅಪ್ಪನಿಗೆ, ಇನ್ನೊಂದು ಆ ಬ್ಯಾಂಕಿನ ಶಾಖೆಗೆ. ಸಣ್ಣ ಊರಿನ ಶಾಖೆಯಲ್ಲಿ ಅದನ್ನು ಯಾರು ಒಡೆಯುತ್ತಾರೆ, ಸಂಜೆ ಯಾರ ಜೊತೆ ಕಾಫಿ ಕುಡಿಯುತ್ತಾರೆ ಎನ್ನುವುದು ನಿಮಗೇ ಗೊತ್ತು. ಮರ್ಯಾದೆಯ ಮಾತು ಹಾಗಿರಲಿ, ಇಲ್ಲಿ ಇನ್ನೊಂದು ತೊಡಕಿದೆ. ವಿದ್ಯಾಭ್ಯಾಸದ ಸಾಲ ಸಾಮಾನ್ಯವಾಗಿ ಬ್ಯಾಂಕ್ರಪ್ಸಿಯಲ್ಲಿ ತೊಲಗುವುದಿಲ್ಲ. ತೊಲಗುವ ಬೇರೆ ಸಾಲವಾದರೂ ನಿಮಗೆ ಸಿಕ್ಕ ಮಾಫಿ ಅಪ್ಪನ ಸಹಿಯನ್ನು ಅಳಿಸುವುದಿಲ್ಲ. ಬ್ಯಾಂಕು ಅವರ ಕಡೆ ತಿರುಗುತ್ತದೆ.

ಕೈಗಡ ಕೊಟ್ಟ ಬಂಧುಗಳು, ಸ್ನೇಹಿತರು. ಕಾಗದಪತ್ರವೇ ಇಲ್ಲ, ಬಾಯಿಮಾತಿನ ಸಾಲ, ಅದನ್ನೇಕೆ ಕಾಣಿಸಬೇಕು ಎಂದು ವಾದಿಸುತ್ತಾರೆ. ಕಾಣಿಸಲೇಬೇಕು. "ಮಾವನದ್ದು ಬಿಟ್ಟು ಉಳಿದದ್ದು ಬರೆಯೋಣ" ಎನ್ನುವಂತಿಲ್ಲ. ಹಾಗೆಯೇ, ಅರ್ಜಿಗೆ ಮುಂಚೆ ಮಾವನದ್ದನ್ನು ಗುಟ್ಟಾಗಿ ತೀರಿಸಿಬಿಡುತ್ತೇನೆ ಎಂದೂ ಹೊರಡಬೇಡಿ. ಕಾರ್ಡ್ ಕಂಪನಿಗಳಿಗೆ ಕಟ್ಟಿದ್ದನ್ನು ಟ್ರಸ್ಟಿ ಹಿಂದಿನ 90 ದಿನ ತಿರುವಿ ನೋಡಿದರೆ, ಹತ್ತಿರದ ಬಂಧುಗಳಿಗೆ ಕೊಟ್ಟದ್ದನ್ನು ಒಂದು ವರ್ಷ ಹಿಂದಿನವರೆಗೆ ನೋಡುತ್ತಾರೆ. ಆ ದುಡ್ಡನ್ನು ಮಾವನಿಂದ ವಾಪಸ್ ಕೇಳುವ ಅಧಿಕಾರ ಅವರಿಗಿದೆ. ಕೈಗಡ ಕೊಟ್ಟ ತಪ್ಪಿಗೆ ಮಾವನಿಗೆ ಅದೂ ಆಗಬೇಕೆ? ಅರ್ಜಿ ಮುಗಿದ ಮೇಲೆ, ನಿಮ್ಮ ಮನಸ್ಸಿಗೆ ಬಂದರೆ, ಮುಂದಿನ ಸಂಬಳದಲ್ಲಿ ಯಾರಿಗೆ ಬೇಕಾದರೂ ಸ್ವಂತ ಇಚ್ಛೆಯಿಂದ ಕೊಡಬಹುದು. ಕಾನೂನು ಅದನ್ನು ತಡೆಯುವುದಿಲ್ಲ.

ಪಟ್ಟಿ ಆಯಿತೇ? ಈಗ ಪ್ರತಿ ಹೆಸರಿನ ಮುಂದೆ ಒಂದು ತೀರ್ಮಾನ: ಇವರಿಗೆ ನಾನೇ ಹೇಳುತ್ತೇನೋ, ಲಕೋಟೆ ಹೇಳಲಿ ಎಂದು ಬಿಡುತ್ತೇನೋ. ಬ್ಯಾಂಕಿಗೆ ಲಕೋಟೆ ಸಾಕು. ಅಪ್ಪ, ಮಾವ, ಭಾವಮೈದುನ, ಹಳೇ ರೂಮ್‌ಮೇಟ್ ಇವರಿಗೆ ಅರ್ಜಿ ಸಲ್ಲಿಸುವ ಮುಂಚೆ ನೀವೇ ಫೋನ್ ಮಾಡಿ. ಉದ್ದ ವಿವರಣೆ ಬೇಡ. "ಮಾವಾ, ಇಲ್ಲಿ ಸಾಲ ಕೈಮೀರಿದೆ, ಕೋರ್ಟಿನ ಮೂಲಕ ಬಗೆಹರಿಸ್ಕೋತಿದೀನಿ. ನಿಮಗೆ ಒಂದು ಇಂಗ್ಲಿಷ್ ಕಾಗದ ಬರುತ್ತೆ. ನಿಮ್ಮ ಮೇಲೆ ಕೇಸಲ್ಲ. ಬಂದಾಗ ಯಾರಿಗೂ ತೋರಿಸ್ಬೇಡಿ, ಫೋಟೊ ತೆಗೀಬೇಡಿ, ನಂಗೆ ಒಂದು ಮಿಸ್ಡ್ ಕಾಲ್ ಕೊಡಿ" ಎಂದರೆ ಸಾಕು. ನನ್ನ ಗೆಳತಿ ಮಾಡದೆ ಬಿಟ್ಟದ್ದು ಇಷ್ಟನ್ನೇ.

3. ಒಂಬತ್ತು ಅಂಕಿಗೆ ಮೊದಲೇ ಬೇಲಿ

ಗೆಳತಿಯ ಪೂರ್ತಿ ಸಂಖ್ಯೆ ಮಾವನ ಕಾಗದಕ್ಕೆ ಬಂದದ್ದು ಹೇಗೆ? ಕೋರ್ಟಿನ ಬಯಲು ಕಡತದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇರಬೇಕು. ಪೂರ್ತಿ ಸಂಖ್ಯೆಯನ್ನು ಫಾರ್ಮ್ 121 ಎಂಬ ಬೇರೆ ಹಾಳೆಯಲ್ಲಿ ಕೊಡುತ್ತೀರಿ, ಅದು ಕಡತ ನೋಡುವವರಿಗೆ ಕಾಣುವುದಿಲ್ಲ. ಆದರೆ ಸಾಲ ಕೊಟ್ಟವರಿಗೆ ಹೋಗುವ ಮೊದಲ ನೋಟಿಸಿನ ಪ್ರತಿಯಲ್ಲಿ, ಅವರು ತಮ್ಮ ಗ್ರಾಹಕನನ್ನು ಸರಿಯಾಗಿ ಗುರುತಿಸಲಿ ಎಂದು, ಪೂರ್ತಿ ಸಂಖ್ಯೆ ಇರಬಹುದು. ಬ್ಯಾಂಕಿಗೆ ಅದರಿಂದ ಅನುಕೂಲ, ಹಾಸನದ ಮಾವನಿಗೆ ಏನೂ ಪ್ರಯೋಜನವಿಲ್ಲ. ನಿಯಮ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಆದ್ದರಿಂದ ಅರ್ಜಿ ಹಾಕುವ ವಾರವೇ ಜನರ ಸಾಲದ ದಾಖಲೆ ಇಡುವ ಕಂಪನಿಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕಡೆ ಕ್ರೆಡಿಟ್ ಫ್ರೀಜ್ ಹಾಕಿ. 2018ರ ಸೆಪ್ಟೆಂಬರಿನಿಂದ ಅದು ಎಲ್ಲರಿಗೂ ಉಚಿತ. ನಿಮ್ಮ ಹೆಸರಲ್ಲಿ ಬೇರೆಯವರು ಹೊಸ ಸಾಲ ಎತ್ತದಂತೆ ಅದು ತಡೆಯುತ್ತದೆ. ನನ್ನ ಕಸುಬಿನವರು ಹೇಳುವ ಇನ್ನೊಂದು ಮಾತು: ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಆರಂಕಿಯ ಐಪಿ ಪಿನ್ ತೆಗೆದುಕೊಳ್ಳಿ. ಆ ಪಿನ್ ಇಲ್ಲದೆ ನಿಮ್ಮ ಸಂಖ್ಯೆಯ ಮೇಲೆ ಬೇರೆಯವರು ಸುಳ್ಳು ರಿಟರ್ನ್ ಹಾಕಿ ರಿಫಂಡ್ ಹೊಡೆಯಲಾಗುವುದಿಲ್ಲ. ಎರಡಕ್ಕೂ ಸೇರಿ ಒಂದು ಭಾನುವಾರದ ಬೆಳಗ್ಗೆ ಸಾಕು.

4. ಯಾರ ಮುಂದೆ ಬಾಯಿ ಬಿಡಬೇಕು

ವಕೀಲರಿಗೆ ಗುಟ್ಟಾಗಿ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ನೀವು ಅರ್ಜಿಯಲ್ಲಿ ಬರೆಯಿರಿ ಎಂದು ಕೊಟ್ಟ ಲೆಕ್ಕಕ್ಕೆ ಆ ರಕ್ಷಣೆ ಇಲ್ಲ, ಅದು ಹೇಗೂ ಬಯಲಿಗೆ ಹೋಗುವಂಥದ್ದು. ಧೈರ್ಯಕ್ಕಿರಲಿ ಎಂದು ಸ್ನೇಹಿತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದರೆ ಇದ್ದ ರಕ್ಷಣೆಯೂ ಹೋಗಬಹುದು. ಅವನು ಹೊರಗೆ ಕಾರಿನಲ್ಲೇ ಕಾಯಲಿ.

ಕಡಿಮೆ ದುಡ್ಡಿಗೆ ಫಾರ್ಮ್ ತುಂಬಿಕೊಡುವವರು ವಕೀಲರಲ್ಲ. ನನ್ನಂಥ ಟ್ಯಾಕ್ಸಿನವರೂ ಅಲ್ಲ. ನನ್ನ ಮುಂದೆ ಹೇಳಿದ್ದಕ್ಕೆ ವಕೀಲರಿಗೆ ಹೇಳಿದ್ದಕ್ಕಿರುವ ಬಲ ಇಲ್ಲ ಎಂದು ನಾನೇ ಜನರನ್ನು ಅರ್ಧಕ್ಕೆ ತಡೆದದ್ದುಂಟು.

ಇನ್ನೊಂದು, ಇದು ನನ್ನ ಸ್ವಂತ ಅಭಿಪ್ರಾಯ: ಯುಗಾದಿ ಕಾರ್ಯಕ್ರಮದಲ್ಲಿ ಎದುರು ಸಿಗುವ ವಕೀಲರ ಬಳಿ ಹೋಗಬೇಡಿ. ಅವರು ಬಾಯಿ ಬಿಡುತ್ತಾರೆಂದಲ್ಲ, ಬಿಡುವುದಿಲ್ಲ. ಆದರೆ ಅವರ ಕಚೇರಿಯಲ್ಲಿ ಕಾಯುತ್ತಾ ಕೂತಿರುವಾಗ ಒಳಗೆ ಬರುವ ಇನ್ನೊಬ್ಬ ಕನ್ನಡಿಗ ನಿಮ್ಮನ್ನು ನೋಡುತ್ತಾನೆ. ಭಾಷೆಯ ಸಲಿಗೆಗಿಂತ ಪಕ್ಕದ ಕೌಂಟಿಯ ಅಪರಿಚಿತರೇ ವಾಸಿ.

ಆಫೀಸಿನ ಲ್ಯಾಪ್‌ಟಾಪು, ಆಫೀಸಿನ ಇಮೇಲು, ಆಫೀಸಿನ ಪ್ರಿಂಟರು ಮುಟ್ಟಲೇಬೇಡಿ. ಅರ್ಜಿಗಾಗಿಯೇ ಹೊಸ ಇಮೇಲ್ ವಿಳಾಸ ಮಾಡಿಕೊಳ್ಳಿ. ಐಪ್ಯಾಡಿನಲ್ಲಿ ಮಕ್ಕಳ ಕಣ್ಣಿಗೆ ಬೀಳದ ಇಮೇಲ್ ಆಗಿರಲಿ. ಮನೆಯ ಅಂಚೆ ಪೆಟ್ಟಿಗೆಯನ್ನು ರೂಮ್‌ಮೇಟೋ ಊರಿಂದ ಬಂದ ಅತ್ತೆಮಾವನೋ ತೆಗೆಯುವಂತಿದ್ದರೆ, ಕೋರ್ಟಿನಿಂದ ನಿಮಗೆ ಬರುವ ನೋಟಿಸು ಕಾಗದದ ಬದಲು ಇಮೇಲಿನಲ್ಲಿ ಬರುವಂತೆ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು, ಡಿಇಬಿಎನ್ ಎನ್ನುತ್ತಾರೆ. ಬ್ಯಾಂಕುಗಳು ಕಳಿಸುವ ಕಾಗದ ಅದರಿಂದ ನಿಲ್ಲುವುದಿಲ್ಲ.

5. ಫಾರ್ಮ್ ತುಂಬುವಾಗ: ಕೊಡಬೇಕಾದಷ್ಟು ಪೂರ್ತಿ, ಬೇಡದ್ದು ಒಂದಕ್ಷರವೂ ಅಲ್ಲ

2007ರ ಡಿಸೆಂಬರಿನಿಂದ ಜಾರಿಯಲ್ಲಿರುವ, ಬ್ಯಾಂಕ್ರಪ್ಸಿ ಕೋರ್ಟುಗಳ 9037ನೇ ನಿಯಮದ ಪ್ರಕಾರ ಕಡತಕ್ಕೆ ಹೋಗುವ ಕಾಗದದಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ, ಹುಟ್ಟಿದ ವರ್ಷ ಮಾತ್ರ, ಅಪ್ರಾಪ್ತ ಮಕ್ಕಳ ಹೆಸರಿನ ಇನಿಷಿಯಲ್ ಮಾತ್ರ ಇರಬೇಕು. ಮಿಕ್ಕಿದ್ದಕ್ಕೆ ಮಸಿ ಬಳಿಯುವ ಹೊಣೆ ಸಲ್ಲಿಸುವವರದು. ಕೋರ್ಟಿನ ಗುಮಾಸ್ತರು ನೋಡಿ ತಿದ್ದುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಗೀಚಿ ಸ್ಕ್ಯಾನ್ ಮಾಡಿದರೆ ಒಮ್ಮೊಮ್ಮೆ ಅಕ್ಷರ ಹಾಗೇ ಕಾಣುತ್ತದೆ. ಪಿಡಿಎಫ್‌ನಲ್ಲಿ ಕಪ್ಪು ಪಟ್ಟಿ ಎಳೆದರೂ ಅಡಿಯ ಅಕ್ಷರ ಕಾಪಿ ಆಗಿಬಿಡುತ್ತದೆ. ಹಾಗಾಗಿ ಮಸಿ ಬಳಿದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಅದರ ಜೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿ.

ಸಂಬಳದ ಚೀಟಿ, ಟ್ಯಾಕ್ಸ್ ರಿಟರ್ನ್ ಕಡೆ ವಿಶೇಷ ಗಮನವಿರಲಿ. ಅರ್ಜಿಗೆ ಹಿಂದಿನ 60 ದಿನದ ಸಂಬಳದ ಪುರಾವೆ ಕೇಳುತ್ತಾರೆ. ಕೆಲವು ಕೋರ್ಟುಗಳಲ್ಲಿ ಅದನ್ನು ಕಡತಕ್ಕೆ ಹಾಕದೆ ಟ್ರಸ್ಟಿಗಷ್ಟೇ ಕೊಟ್ಟರೆ ಸಾಕು. ನಿಮ್ಮ ಕೋರ್ಟಿನ ರೂಢಿ ಏನೆಂದು ವಕೀಲರನ್ನು ಕೇಳಿ, ಬೇಡದ ಕಡೆ ಹಾಕಿಸಬೇಡಿ. ಟ್ಯಾಕ್ಸ್ ರಿಟರ್ನ್ ಹೋಗುವುದು ಟ್ರಸ್ಟಿಗೆ, ಅವರು ನಿಮ್ಮನ್ನು ಪ್ರಶ್ನಿಸುವ ಮೀಟಿಂಗಿಗೆ (ಮುಂದೆ ಹೇಳುವ 341 ಮೀಟಿಂಗ್) ಏಳು ದಿನ ಮುಂಚೆ. ಅದರಲ್ಲಿ ಮಕ್ಕಳ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗಳೂ ಇರುತ್ತವೆ ಎನ್ನುವುದು ಯಾರಿಗೂ ನೆನಪಿರುವುದಿಲ್ಲ.

ಹೆಸರಿನದು ನಮ್ಮವರಿಗೊಂದು ತಲೆನೋವು. ಕಳೆದ 8 ವರ್ಷದಲ್ಲಿ ಬಳಸಿದ ಎಲ್ಲ ಹೆಸರನ್ನೂ ಬರೆಯಿರಿ ಎನ್ನುತ್ತದೆ ಫಾರ್ಮ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್, ಕಾರ್ಡಿನಲ್ಲಿ ಊರಿನ ಹೆಸರು ಸರ್‌ನೇಮ್, ಮದುವೆಯಾದ ಮೇಲೆ ಇನ್ನೊಂದು. ಹೆಸರು ಹೆಚ್ಚಿದಷ್ಟೂ ಹುಡುಕುವವರಿಗೆ ಸುಲಭ ಎಂದು ಬಿಡಬೇಡಿ. ಹೆಸರು ಹೊಂದದಿದ್ದರೆ ಸಾಲದವನು "ನನಗೆ ನೋಟಿಸು ಬಂದೇ ಇಲ್ಲ" ಎಂದು ಆಮೇಲೆ ತಗಾದೆ ತೆಗೆಯಬಹುದು.

ಆಸ್ಪತ್ರೆಯ ಸಾಲ ಕಾಣಿಸುವಾಗ ಆಸ್ಪತ್ರೆಯ ಹೆಸರು, ವಿಳಾಸ, ಮೊತ್ತ ಬೇಕೇ ಬೇಕು. ಎಂಥ ಸಾಲ ಎನ್ನುವ ಜಾಗದಲ್ಲಿ "ವೈದ್ಯಕೀಯ ಬಿಲ್" ಎಂದರೆ ಸಾಕು. ಸಂತಾನ ಚಿಕಿತ್ಸೆಯದೋ ಮಾನಸಿಕ ಚಿಕಿತ್ಸೆಯದೋ ಎಂದು ಬಿಡಿಸಿ ಬರೆಯುವ ಅಗತ್ಯವಿಲ್ಲ. ಮನೆಖರ್ಚಿನ ಪಟ್ಟಿ ಶೆಡ್ಯೂಲ್ ಜೆಯಲ್ಲಿ ಅವಲಂಬಿತರ ಹೆಸರು ಬರೆಯಬೇಡಿ ಎಂದು ಫಾರ್ಮೇ ಹೇಳುತ್ತದೆ. ಮಗ 9 ವರ್ಷ, ಮಗಳು 5 ವರ್ಷ, ಅಷ್ಟೇ.

ಗಂಡ ಅಥವಾ ಹೆಂಡತಿ ಒಬ್ಬರೇ ಅರ್ಜಿ ಹಾಕಬಹುದು, ಆದರೆ ಒಂದೇ ಮನೆಯಲ್ಲಿದ್ದರೆ ಇನ್ನೊಬ್ಬರ ವರಮಾನವೂ ಶೆಡ್ಯೂಲ್ ಐನಲ್ಲಿ ಬರುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್‌ನಂಥ ರಾಜ್ಯಗಳಲ್ಲಿ ಮದುವೆಯಾದ ಮೇಲಿನ ಗಳಿಕೆ ಇಬ್ಬರದೂ ಎಂದು ಲೆಕ್ಕ. ಮನೆಯವರಿಗೆ ಗೊತ್ತಾಗದ ಹಾಗೆ ಬ್ಯಾಂಕ್ರಪ್ಸಿ ಹಾಕಿಕೊಡಿ ಎಂದು ಬಂದವರಿಗೆ ನಾನು ಹೇಳುವುದು: ಮನೆಯವರಿಗೆ ಇವತ್ತು ರಾತ್ರಿ ಹೇಳಿ, ನಾಳೆ ವಕೀಲರ ಹತ್ತಿರ ಹೋಗಿ.

ಗಂಡನ ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ವಿಷಯ ಬೇರೆ. ಮನೆ ವಿಳಾಸ ಬಯಲಾಗುವುದು ಅವರಿಗೆ ಜೀವದ ಪ್ರಶ್ನೆ. ಹಲವು ರಾಜ್ಯಗಳಲ್ಲಿ ಬದಲಿ ವಿಳಾಸ ಕೊಡುವ ಯೋಜನೆ ಇದೆ, ಮೇಲೆ ಹೇಳಿದ 107ನೇ ಸೆಕ್ಷನ್ನೂ ಇದೆ. ಆದರೆ ಅರ್ಜಿ ಸಲ್ಲಿಸುವ ಮುಂಚೆಯೇ ವಕೀಲರಿಗೆ ಹೇಳಬೇಕು. ಒಮ್ಮೆ ಕಡತಕ್ಕೆ ಬಿದ್ದ ವಿಳಾಸವನ್ನು ಯಾರು ನೋಡಿ ಆಗಿದೆಯೋ ಹೇಳಲಾಗದು.

6. ಊರಿನ ಆಸ್ತಿ: ಇಲ್ಲಿ ಗುಟ್ಟಿಗೆ ಜಾಗವಿಲ್ಲ

ನಮ್ಮವರು ಎಡವುವುದು ಇಲ್ಲಿಯೇ. "ಅದು ಇಂಡಿಯಾದ್ದಲ್ವಾ, ಇಲ್ಲಿಗೇನು ಸಂಬಂಧ?" ಶೆಡ್ಯೂಲ್ ಎ/ಬಿ ಕೇಳುವುದು ಪ್ರಪಂಚದಲ್ಲಿ ಎಲ್ಲೇ ಇರಲಿ, ನಿಮ್ಮದೆನ್ನುವುದೆಲ್ಲ. ಮೈಸೂರಿನ ಸೈಟು, ಎನ್‌ಆರ್‌ಇ ಖಾತೆ, ಲಾಕರಿನಲ್ಲಿ ಅಮ್ಮ ಇಟ್ಟಿರುವ ನಿಮ್ಮ ಮದುವೆಯ ಒಡವೆ, ಬೆಂಗಳೂರಿನಲ್ಲಿ ನಡೆಯುತ್ತಿರುವ ಚೀಟಿ ಎಲ್ಲವೂ.

ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಇನ್ನೂ ಆಗಿಲ್ಲದಿದ್ದರೂ ನಿಮ್ಮ ಹಕ್ಕು ಇದ್ದೇ ಇದೆ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ. ಪಹಣಿಯಲ್ಲಿ ಅಪ್ಪನ ಹೆಸರಷ್ಟೇ ಇದೆ ಎನ್ನುವುದು ಪೂರ್ತಿ ಉತ್ತರವಲ್ಲ. ವಕೀಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಪಾಲು, ಬೆಲೆ ಹೇಗೆ ಬರೆಯಬೇಕೆಂದು ಅವರು ತೀರ್ಮಾನಿಸಲಿ. ಅಮೆರಿಕದ ಟ್ರಸ್ಟಿಗೆ ಅರಸೀಕೆರೆಯ ತೆಂಗಿನ ತೋಟದ ಒಂದು ಪಾಲನ್ನು ಮಾರುವುದು ಸುಲಭದ ಮಾತಲ್ಲ. ಹಾಗೆಂದು ಬಚ್ಚಿಡುವುದು ಜಾಣತನವಲ್ಲ. ಕರ್ನಾಟಕದ ಪಹಣಿಗಳು ಭೂಮಿ ತಾಣದಲ್ಲಿವೆ, ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ತೆರೆದು ನೋಡಬಹುದು. ವಿಚ್ಛೇದಿತ ಸಂಗಾತಿಯೋ ಮುನಿಸಿಕೊಂಡ ಪಾಲುದಾರನೋ ಟ್ರಸ್ಟಿಗೆ ಒಂದು ಇಮೇಲ್ ಹಾಕಿದರೆ ಮುಗಿಯಿತು.

ಹೋದ ರಜೆಯಲ್ಲಿ ಊರಿಗೆ ಹೋದಾಗ ತಮ್ಮನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಬಂದೆ, ಈಗ ನನ್ನದೇನಿಲ್ಲ ಎನ್ನುವವರೂ ಸಿಗುತ್ತಾರೆ. ಹಿಂದಿನ ಎರಡು ವರ್ಷದ ಇಂಥ ವರ್ಗಾವಣೆಗಳನ್ನು ಫಾರ್ಮ್ 107 (107ನೇ ಸೆಕ್ಷನ್ ಅಲ್ಲ, ನಿಮ್ಮ ಹಿಂದಿನ ಹಣಕಾಸಿನ ವಿವರ ಕೇಳುವ ಹಾಳೆ) ನೇರವಾಗಿ ಕೇಳುತ್ತದೆ. ಅದೇ ಫಾರ್ಮು ಒಬ್ಬೊಬ್ಬರಿಗೆ 600 ಡಾಲರ್ ದಾಟಿದ ಉಡುಗೊರೆಯನ್ನೂ, ದೇವಸ್ಥಾನ-ಮಠಗಳಿಗೆ ಕೊಟ್ಟ 600 ಡಾಲರ್ ದಾಟಿದ ದೇಣಿಗೆಯನ್ನೂ ಎರಡು ವರ್ಷಕ್ಕೆ ಕೇಳುತ್ತದೆ. ತಂಗಿಯ ಮದುವೆಗೆ ಕಳಿಸಿದ ದುಡ್ಡು ಅದರೊಳಗೆ ಬರುತ್ತದೆ. ಅಪ್ಪನ ಪಿಂಚಣಿ ಬರುವ ಖಾತೆಯಲ್ಲಿ ನಿಮ್ಮ ಹೆಸರೂ ಸೇರಿದ್ದರೆ ಕಾಣಿಸಿ, ದುಡ್ಡು ಅಪ್ಪನದು ಎಂದು ಬರೆಸಿ, ಪಿಂಚಣಿ ಜಮಾ ಆಗುವ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ.

ಸುಳ್ಳಿನ ಬೆಲೆ ಏನು? ಸಾಲಮಾಫಿ ತಪ್ಪಬಹುದು. ಬೇಕೆಂದೇ ಆಸ್ತಿ ಮರೆಮಾಚುವುದು ಫೆಡರಲ್ ಅಪರಾಧ, ಐದು ವರ್ಷದವರೆಗೆ ಜೈಲು. ಬ್ಯಾಂಕ್ರಪ್ಸಿ ಹಾಕಿದ್ದಕ್ಕೇ ಯಾರ ವೀಸಾವೂ ಹೋಗುವುದಿಲ್ಲ, ಅರ್ಜಿ ಹಾಕಲು ಪೌರತ್ವವೂ ಬೇಕಿಲ್ಲ. ಆದರೆ ವಂಚನೆಯ ಅಪರಾಧ ಸಾಬೀತಾದರೆ ಅದು ವೀಸಾ, ಗ್ರೀನ್ ಕಾರ್ಡ್‌ಗಳಿಗೆ ಕುತ್ತು.

7. ಆಫೀಸಿಗೆ ಗೊತ್ತಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ಶೆಡ್ಯೂಲ್ ಐನಲ್ಲಿ ಕೆಲಸ ಕೊಟ್ಟ ಕಂಪನಿಯ ಹೆಸರು ಬರೆಯುತ್ತೀರಿ, ಆದರೆ ಅದಕ್ಕಾಗಿ ಕಂಪನಿಗೆ ನೋಟಿಸು ಹೋಗುವುದಿಲ್ಲ. ಮೂರು ಸಂದರ್ಭ ಬಿಟ್ಟು: ಕಂಪನಿಗೇ ನೀವು ದುಡ್ಡು ಬಾಕಿ ಇದ್ದರೆ, ಈಗಾಗಲೇ ಕೋರ್ಟಿನ ಆದೇಶದ ಮೇಲೆ ಸಂಬಳ ಮುರಿಯುತ್ತಿದ್ದು ಅದನ್ನು ನಿಲ್ಲಿಸಬೇಕಾದರೆ, ಅಥವಾ ಚಾಪ್ಟರ್ 13ರ ಕಂತನ್ನು ಸಂಬಳದಲ್ಲೇ ಮುರಿದುಕೊಳ್ಳಲು ಆದೇಶವಾದರೆ. ಮೂರನೆಯದರಲ್ಲಿ ನೀವೇ ನೇರವಾಗಿ ಕಂತು ಕಟ್ಟಲು ಅವಕಾಶ ಕೇಳಿ ನೋಡಬಹುದು.

ಬ್ಯಾಂಕ್ರಪ್ಸಿ ಹಾಕಿದ ಒಂದೇ ಕಾರಣಕ್ಕೆ ಇರುವ ಕೆಲಸದಿಂದ ತೆಗೆಯುವಂತಿಲ್ಲ ಎಂದು 525ನೇ ಸೆಕ್ಷನ್ ಹೇಳುತ್ತದೆ. ಆದರೆ ಖಾಸಗಿ ಕಂಪನಿ ಹೊಸ ಕೆಲಸ ಕೊಡದಿರುವುದನ್ನು ಅದು ತಡೆಯುವುದಿಲ್ಲ ಎಂದು ಮೇಲ್ಮನವಿ ಕೋರ್ಟುಗಳು ಹೇಳಿವೆ. ಕೆಲಸ ಬದಲಿಸುವ ಯೋಚನೆ ಇದ್ದರೆ, ಅದರಲ್ಲೂ ಬ್ಯಾಂಕಿಂಗ್ ಕಡೆಯ ಕೆಲಸವಾದರೆ, ಯಾವುದು ಮೊದಲು ಯಾವುದು ಆಮೇಲೆ ಎಂದು ವಕೀಲರ ಜೊತೆ ಕೂತು ನೋಡಿ.

8. ಝೂಮ್‌ನಲ್ಲಿ ಹತ್ತು ನಿಮಿಷ

ಅರ್ಜಿ ಹಾಕಿ ಸುಮಾರು ತಿಂಗಳೊಪ್ಪತ್ತಿನಲ್ಲಿ 341 ಮೀಟಿಂಗ್ ಇರುತ್ತದೆ. ಜಡ್ಜ್ ಇರುವುದಿಲ್ಲ. ಟ್ರಸ್ಟಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ, ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಈಗ ಹೆಚ್ಚಾಗಿ ಝೂಮ್‌ನಲ್ಲೇ. ಸಾಲ ಕೊಟ್ಟವರು ಬಂದು ಪ್ರಶ್ನೆ ಕೇಳಬಹುದು, ಬರುವುದು ಅಪರೂಪ. ಆದರೆ ಒಂದೇ ಹೊತ್ತಿಗೆ ಹಲವರ ಸರದಿ ಇಟ್ಟಿರುತ್ತಾರೆ, ನಿಮ್ಮ ಉತ್ತರ ಸರದಿಯಲ್ಲಿರುವ ಬೇರೆಯವರ ಕಿವಿಗೂ ಬೀಳುತ್ತದೆ. ನೀವೂ ಅವರ ಕಥೆ ಕೇಳುತ್ತೀರಿ. ಆ ಅರ್ಧ ಗಂಟೆ ಕೇಳಿದ ಮೇಲೆ ಎಷ್ಟೋ ಜನರ ಅರ್ಧ ನಾಚಿಕೆ ಅಲ್ಲೇ ಇಳಿದುಹೋದದ್ದನ್ನು ಕಂಡಿದ್ದೇನೆ.

ಬಾಗಿಲು ಹಾಕುವ ಕೋಣೆ, ಇಯರ್‌ಫೋನ್, ಹಿಂದೆ ಬರಿ ಗೋಡೆ. ಆಫೀಸಿನ ಮೀಟಿಂಗ್ ರೂಮ್ ಬೇಡ. ಗುರುತಿನ ಚೀಟಿ, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನ ಪ್ರತಿಯನ್ನು ಟ್ರಸ್ಟಿ ಹೇಳಿದ ದಾರಿಯಲ್ಲಿ ಮಾತ್ರ ಕಳಿಸಿ. ಮೀಟಿಂಗಿನಲ್ಲಿ ಪೂರ್ತಿ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಡಿ, ಕೊನೆಯ ನಾಲ್ಕು ಅಂಕಿ ಸಾಕೇ ಎಂದು ಕೇಳಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿಯನ್ನು ಉಚಿತವಾಗಿ ಫೋನಿನಲ್ಲಿ ಒದಗಿಸುವ ವ್ಯವಸ್ಥೆ ಇದೆ, ವಕೀಲರ ಮೂಲಕ ಮೊದಲೇ ಕೇಳಿಡಿ. ಅಕ್ಕನ ಮಗನನ್ನು ದುಭಾಷಿ ಮಾಡಿದರೆ ನಿಮ್ಮ ಮನೆಖರ್ಚಿನ ಲೆಕ್ಕವೆಲ್ಲ ಅವನಿಗೂ ಗೊತ್ತಾಗುತ್ತದೆ.

9. ಆಮೇಲಿನ ಕೆಲಸ

ಕೇಸ್ ಹಾಕಿದ ಕೆಲವೇ ದಿನದಲ್ಲಿ ಅಂಚೆ ಪೆಟ್ಟಿಗೆ ತುಂಬುತ್ತದೆ: ಕಾರ್ ಸಾಲ ಕೊಡುತ್ತೇವೆ, ಹೊಸ ಕಾರ್ಡ್ ಕೊಡುತ್ತೇವೆ. ಬಯಲು ಕಡತ ನೋಡಿಯೇ ಅವರು ಬಂದಿರುತ್ತಾರೆ. ಅದು ಬರೀ ಕಾಟ. ಅಪಾಯವಿರುವುದು ಫೋನಿನಲ್ಲಿ. ನಿಮ್ಮ ಕೇಸ್ ನಂಬರು, ವಕೀಲರ ಹೆಸರು ಎಲ್ಲ ಹೇಳಿ, ವಕೀಲರ ನಂಬರಿನಿಂದಲೇ ಬಂದಂತೆ ತೋರುವ ಕರೆ: "ಒಂದು ಸಾಲ ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಈಗಲೇ ದುಡ್ಡು ವರ್ಗಾಯಿಸಿ, ಇಲ್ಲದಿದ್ದರೆ ಅರೆಸ್ಟ್." ಟ್ರಸ್ಟಿಯಾಗಲಿ ಕೋರ್ಟಾಗಲಿ ಹೀಗೆ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಫೋನ್ ಇಟ್ಟು, ನಿಮ್ಮ ಬಳಿಯಿರುವ ನಂಬರಿಗೆ ನೀವೇ ಮಾಡಿ.

ಚಾಪ್ಟರ್ 13 ಆದರೆ ಸಾಲ ಕೊಟ್ಟವರು ಸಾಮಾನ್ಯವಾಗಿ 70 ದಿನದೊಳಗೆ ತಮ್ಮ ಬಾಕಿಯ ಕ್ಲೇಮ್ ಸಲ್ಲಿಸುತ್ತಾರೆ, ಅವೂ ಬಯಲು. ಆಸ್ಪತ್ರೆಯ ಬಿಲ್ಲನ್ನು ಚಿಕಿತ್ಸೆಯ ವಿವರದ ಸಮೇತ ಲಗತ್ತಿಸಿಬಿಡುವ ಗುಮಾಸ್ತರು ಇದ್ದಾರೆ. ಆ ಗಡುವು ಮುಗಿದ ಮೇಲೆ ಒಮ್ಮೆ ಕಡತವನ್ನು ಪೂರ್ತಿ ತೆರೆಸಿ ನೋಡಿ. ಪೂರ್ತಿ ಖಾತೆ ನಂಬರೋ ಮಗುವಿನ ಹೆಸರೋ ಕಂಡರೆ, ಮಸಿ ಬಳಿದ ಪ್ರತಿಯನ್ನು ಬದಲಿಗೆ ಇಡಲು ಅದೇ 9037ನೇ ನಿಯಮದಡಿ ಕೋರಿಕೆ ಸಲ್ಲಿಸಬಹುದು. ಕೋರಿಕೆ ಬಂದ ಕೂಡಲೇ, ತೀರ್ಮಾನವಾಗುವವರೆಗೆ, ಆ ದಾಖಲೆ ಜನರಿಗೆ ಕಾಣದಂತೆ ಕೋರ್ಟು ಮುಚ್ಚಿಡುತ್ತದೆ.

ಕ್ರೆಡಿಟ್ ರಿಪೋರ್ಟಿನಲ್ಲಿ ಚಾಪ್ಟರ್ 7 ಅರ್ಜಿ ಹಾಕಿದ ದಿನದಿಂದ 10 ವರ್ಷ ಇರುತ್ತದೆ. ಚಾಪ್ಟರ್ 13ನ್ನು ಸಾಮಾನ್ಯವಾಗಿ 7 ವರ್ಷಕ್ಕೆ ತೆಗೆಯುತ್ತಾರೆ. ಡಿಸ್‌ಚಾರ್ಜ್ (ಸಾಲಮಾಫಿ) ಆದೇಶ ಬಂದು ಎರಡು ತಿಂಗಳಾದ ಮೇಲೆ ಮೂರೂ ರಿಪೋರ್ಟ್ ತೆಗೆಸಿ, ಮಾಫಿಯಾದ ಸಾಲಗಳ ಮುಂದೆ ಬಾಕಿ ಸೊನ್ನೆ ಎಂದಿದೆಯೇ ನೋಡಿ. ಇಲ್ಲದಿದ್ದರೆ ಆದೇಶದ ಪ್ರತಿ ಲಗತ್ತಿಸಿ ತಕರಾರು ಹಾಕಿ. ಆ ಆದೇಶದ ಎರಡು ಪ್ರತಿ ಮನೆಯಲ್ಲಿರಲಿ. ವರ್ಷಗಳಾದ ಮೇಲೂ ಹಳೇ ಸಾಲ ಕೊಂಡುಕೊಂಡ ವಸೂಲಿಯವನೊಬ್ಬ ಫೋನ್ ಮಾಡುತ್ತಾನೆ, ಅವನಿಗೆ ಕಳಿಸಬೇಕಾದ್ದು ಅದೊಂದೇ ಹಾಳೆ.

ಗೆಳತಿ ಆಮೇಲೆ ಗುಂಪಿನಿಂದ ಆ ಫೋಟೊ ಅಳಿಸಲು ಮಾವನಿಗೆ ಫೋನಿನಲ್ಲೇ ಹೇಳಿಕೊಟ್ಟಳು. "ಎಲ್ಲರಿಗೂ ಅಳಿಸು" ಒತ್ತುವ ಬದಲು ಮಾವ "ನನಗೆ ಮಾತ್ರ ಅಳಿಸು" ಒತ್ತಿದರು.